ಬೇರಿನ ಮೀಸೆ

ಯುನ್‌ಷಿಯಾ ಫ್ರಿಜ್ಜಿನ ಬಾಗಿಲು ಹಿಡಿದು ನಿಂತೇಬಿಟ್ಟಳು. ಯಾವ ಔಷಧಕ್ಕೂ ಬಗ್ಗದ ರೋಗಾಣುವಿನ ಮೇಲೆ ಪ್ರಯೋಗಿಸಲೆಂದು ಚೀನಾದ ಗ್ವೇಯ್‌ಝೌ ಬೆಟ್ಟದಲ್ಲಿ ತಾನೇ ಅಗೆದು ತಂದಿದ್ದ, ಮೀನಿನ ವಾಸನೆಯ ಬೇರು ಡಬ್ಬಿಯಲ್ಲಿರಲಿಲ್ಲ. ಅಮ್ಮನ ಬಟ್ಟಲಲ್ಲಿ, ಹುರಿದ ಒಣಮೆಣಸಿನಕಾಯಿಯ ಜೊತೆ ಹೊಳೆಯುತ್ತಿತ್ತು.

“ಅಮ್ಮಾ, ಅದು ಲ್ಯಾಬಿಗೆ! ಇದೇ ಕೊನೇ ಪರೀಕ್ಷೆ. ಇದೂ ಕೈಕೊಟ್ರೆ ಕೆಲಸಾನೇ ನಿಲ್ಲಿಸ್ತಾರೆ.”

“ತಿನ್ನೋ ಬೇರು ಲ್ಯಾಬಿಗ್ಯಾಕೆ? ಒಂದೊಂದೇ ಮೀಸೆ ಕಿತ್ತು ಕೈ ಬಿದ್ದೋಯ್ತು ನಂಗೆ. ಸುಮ್ನೆ ತಿನ್ನು.”

ಸಿಟ್ಟಿನಲ್ಲೇ ಒಂದು ತುತ್ತು ಬಾಯಿಗಿಟ್ಟಳು, ಹಾಳಾದ್ದು, ರುಚಿಯಾಗಿತ್ತು. ಆಗ ಕಸದ ಬುಟ್ಟಿ ಕಣ್ಣಿಗೆ ಬಿತ್ತು. ಅದರಲ್ಲಿ ಅಮ್ಮ ಕಿತ್ತೆಸೆದ ಮೀಸೆ, ಕೂದಲೆಳೆಯಂಥ ಬೇರುಗಳು, ಒಂದು ಹಿಡಿ. ಐದು ವರ್ಷದಿಂದ ಲ್ಯಾಬಿನಲ್ಲೂ ಮನೆಯಲ್ಲಿ ಮಾಡಿದ ಹಾಗೇ ಮೀಸೆ ಕಿತ್ತೆಸೆದು ಬೇರನ್ನಷ್ಟೇ ಅರೆಯುತ್ತಿದ್ದರು. ಕಸವನ್ನು ಯಾರೂ ಪರೀಕ್ಷಿಸಿರಲಿಲ್ಲ. ಅವಳು ಅದನ್ನೇ ಬಳಿದು ಡಬ್ಬಿಗೆ ತುಂಬಿಕೊಂಡಳು.

ಎರಡು ದಿನದ ಮೇಲೆ ಫೋನಿಗೆ ಬಂದ ಚಿತ್ರವನ್ನು ಅಮ್ಮ ಹಿಂದೆಮುಂದೆ ತಿರುಗಿಸಿ ನೋಡಿದಳು. ಗಾಜಿನ ತಟ್ಟೆಯ ತುಂಬ ರೋಗಾಣುವಿನ ಬಿಳಿ ಮಬ್ಬು. ಮೀಸೆಯ ರಸದಲ್ಲಿ ಅದ್ದಿದ ಕಾಗದದ ಚೂರಿನ ಸುತ್ತ ಮಾತ್ರ ಬಟ್ಟಬಯಲು.

“ಈ ಚೂರಿನ ಸುತ್ತ ಏನೂ ಇಲ್ವಲ್ಲೇ?”

“ಏನೂ ಇಲ್ಲಮ್ಮಾ! ಒಂದು ರೋಗಾಣೂ ಉಳಿದಿಲ್ಲ!” ಯುನ್‌ಷಿಯಾ ಫೋನಿನ ಆಚೆಯಿಂದ ಕೂಗುತ್ತಿದ್ದಳು. “ಇನ್ಮೇಲೆ ಬೇರು ನಿಂಗೆ, ಮೀಸೆ ನಂಗೆ!”