ಗೋಡೆಯ ಡಾಕ್ಟರು

ಹಿಟ್ಟಿನ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದೆ. ಒಲೆಯ ಮೇಲಿನ ಗೋಡೆಯಿಂದ ಡಾಕ್ಟರು ಕೂಗಿತು, "ಸದಸ್ಯರೇ, ಬೆಳಗಿನ ರಕ್ತ!"

ಆರೋಗ್ಯ ಸಂಘದ ಸದಸ್ಯರ ಮನೆಗಳಲ್ಲೆಲ್ಲ ಇಂಥದೊಂದು ಪೆಟ್ಟಿಗೆ ಗೋಡೆಗೆ ಅಂಟಿಕೊಂಡಿದೆ. ಎಂಟು ವರ್ಷದಿಂದ ನನ್ನ ಸಕ್ಕರೆ ಕಾಯಿಲೆಯನ್ನು ಇದೇ ನೋಡಿಕೊಳ್ಳುತ್ತಿದೆಯಂತೆ.

"ಹಿಮ್ಮಡಿ ಹುಣ್ಣು ಕಪ್ಪಗಾಗಿದೆ, ಅದನ್ನ ಮೊದ್ಲು ನೋಡಪ್ಪ," ಎಂದೆ.

"ಪಾದಕ್ಕೆ ಬೇರೆ ಸದಸ್ಯತ್ವ ಇದೆ, ಸದಸ್ಯರೇ."

ಕರಿಬೇವು ಕೇಳಲು ಬಂದಿದ್ದ ಪಕ್ಕದ ಮನೆಯ ನಸೀಮಾ ಕಿಸಕ್ಕೆಂದಳು. "ಬಸ್ ಸ್ಟ್ಯಾಂಡ್ ಹತ್ರ ಕೈಯಲ್ಲಿ ಮುಟ್ಟಿ ನೋಡೋ ಡಾಕ್ಟ್ರಮ್ಮ ಇದಾರೆ, ಹೋಗಬಾರ್ದಾ ಅಜ್ಜಿ?"

"ಸಂಘದವರನ್ನ ಅವರು ಮುಟ್ಟೋ ಹಾಗಿಲ್ವಲ್ಲೇ. ಸಂಘ ಬಿಟ್ರೆ ಇವರು ಮತ್ತೆ ಸೇರಿಸಲ್ಲ. ಎಲ್ಲಿ, ಇವತ್ತು ನನ್ನ ಬದ್ಲು ನಿನ್ನ ಬೆರಳು ಕೊಡು."

ಅವಳ ರಕ್ತದ ಹನಿಯನ್ನು ಪೆಟ್ಟಿಗೆ ನೆಕ್ಕಿತು. "ಶಭಾಷ್ ಸದಸ್ಯರೇ! ಸಕ್ಕರೆ ಪೂರ್ತಿ ಹತೋಟಿಗೆ ಬಂದಿದೆ. ಎಲ್ಲ ನಮ್ಮ ಆರೈಕೆಯ ಫಲ."

ಎಂಟು ವರ್ಷ ನನ್ನ ರಕ್ತ ನೆಕ್ಕಿದ ಮಹಾನುಭಾವನಿಗೆ ಮುದುಕಿ ಯಾರು, ಇಪ್ಪತ್ತೈದರ ಹುಡುಗಿ ಯಾರು ಎಂದು ತಿಳಿಯಲಿಲ್ಲ.

ಸಂಘ ಬಿಡಬೇಕಾದರೆ ಸ್ವಂತ ಕೈಬರಹದ ಪತ್ರವನ್ನು ಅಂಚೆಗೆ ಹಾಕಬೇಕೆಂದು ನಿಯಮ. ಈಗ ಯಾರಿಗೂ ಕೈಯಲ್ಲಿ ಬರೆಯಲು ಬಾರದೆಂಬ ಧೈರ್ಯ ಅವರಿಗೆ. ನಾನೋ ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ತಿದ್ದಿದವಳು. ಪತ್ರ ಬರೆದು, ಕಳಿಸಲು ಹೆದರಿ, ಒಂದು ವರ್ಷದಿಂದ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೆ.

ಮುದ್ದೆ ಇಳಿಸಿದೆ. ಪತ್ರಕ್ಕೆ ಮೆತ್ತಿದ್ದ ತವುಡು ಕೊಡವಿ, ನಸೀಮಾಳ ಹೆಗಲು ಹಿಡಿದು ಕುಂಟುತ್ತ ಹೋಗಿ ಅಂಚೆ ಡಬ್ಬಕ್ಕೆ ಹಾಕಿದೆ. ಅಲ್ಲಿಂದ ಬಸ್ ಸ್ಟ್ಯಾಂಡ್ ದೂರವೇನಿಲ್ಲ.