ಮಂಡಿಯೂರಿದವಳ ಪ್ಯಾಂಟು

"ಸಾಕು, ಎದ್ದು ನಿಲ್ಲು" ಎಂದರು ದೊಡ್ಡತ್ತೆ. ಅಬೆನಿಗೆ ಏಳುವ ಧೈರ್ಯವಿರಲಿಲ್ಲ. ಇಬಾದಾನ್ ನಗರದ ಆ ಮದುವೆ ಮನೆಯ ಬಾಗಿಲಲ್ಲಿ, ದೊಡ್ಡತ್ತೆ ಇತ್ತ ತಿರುಗುವಷ್ಟರಲ್ಲೇ ಅವಳು ಮಂಡಿಯೂರಿ ನಮಸ್ಕರಿಸಿದ್ದಳು. ಮಂಡಿಯೂರಿರುವಷ್ಟು ಹೊತ್ತು ಉದ್ದನೆಯ ಮೇಲಂಗಿ ಎಲ್ಲವನ್ನೂ ಮುಚ್ಚುತ್ತಿತ್ತು. ಎದ್ದರೆ ಪ್ಯಾಂಟು ಕಾಣುತ್ತಿತ್ತು.

ಒಳಗೆ ಅವಳ ಗಂಡನ ಮನೆಯ ನಲವತ್ತು ಹೆಂಗಸರು ಒಂದೇ ನೇರಳೆ ಬಟ್ಟೆಯಲ್ಲಿ ಕೂತಿದ್ದರು. ಬಟ್ಟೆ ಆರಿಸಿ ಎಲ್ಲರಿಗೂ ಹಂಚಿದವರು ದೊಡ್ಡತ್ತೆ. ಎಲ್ಲರೂ ಕುಪ್ಪಸ, ಸುತ್ತುಲಂಗ ಹೊಲಿಸಿದ್ದರು. ಅಬೆನಿ ಮಾತ್ರ ಅದೇ ಬಟ್ಟೆಯಲ್ಲಿ ಮೇಲಂಗಿ, ಪ್ಯಾಂಟು ಹೊಲಿಸಿದ್ದಳು. ಹೋದ ವರ್ಷ ಬರೀ ತೋಳು ಗಿಡ್ಡ ಮಾಡಿಸಿದ ಸೊಸೆಯೊಬ್ಬಳನ್ನು ದೊಡ್ಡತ್ತೆ ಬಾಗಿಲಿಂದಲೇ ವಾಪಸು ಕಳಿಸಿದ್ದರು. ಅವಳನ್ನು ಆಮೇಲೆ ಯಾವ ಸಮಾರಂಭಕ್ಕೂ ಯಾರೂ ಕರೆದಿಲ್ಲ.

ಅಬೆನಿ ಎದ್ದಳು. ಮೇಲಂಗಿಯ ಕೆಳಗೆ ನೇರಳೆ ಪ್ಯಾಂಟು ಕಾಣಿಸಿತು.

"ಯಾರು ಹೇಳಿದ್ರೇ ಹೀಗೆ ಹೊಲಿಸು ಅಂತ?"

ತಪ್ಪನ್ನು ದರ್ಜಿಯ ಮೇಲೆ ಹಾಕಿಬಿಡಬಹುದಿತ್ತು. "ಯಾರೂ ಇಲ್ಲ, ದೊಡ್ಡತ್ತೆ. ನಂಗೇ ಇಷ್ಟ ಆಯ್ತು" ಎಂದಳು ಅಬೆನಿ.

ದೊಡ್ಡತ್ತೆಯ ಬೆರಳು ಪ್ಯಾಂಟಿನ ಹೊಲಿಗೆಯ ಗುಂಟ ಇಳಿದು ಜೇಬಿನ ಬಾಯಲ್ಲಿ ನಿಂತಿತು. ಮಣಿಕಟ್ಟಿನವರೆಗೂ ಕೈ ಒಳಗೆ ಹೋಯಿತು.

"ನನ್ನ ಕಣ್ಣಿಗೆ ಒಂಚೂರೂ ಚೆನ್ನಾಗಿಲ್ಲ. ಸತ್ರೂ ನಾನು ಇಂಥದ್ದು ಹಾಕಲ್ಲ."

ಹಾಗೆಂದವರೇ ತಮ್ಮ ಸುತ್ತುಲಂಗದ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಬೀಗದ ಕೈ, ಫೋನು, ಬಿಪಿ ಮಾತ್ರೆ ಎಲ್ಲವನ್ನೂ ಒಂದೊಂದಾಗಿ ತೆಗೆದು ಆ ಜೇಬಿಗೆ ತುಂಬಿದರು.

"ಬಾ. ಇವತ್ತಿಡೀ ನನ್ನ ಪಕ್ಕ ಬಿಟ್ಟು ಕದಲಬೇಡ."