ಬಿಡುಗಡೆಯ ದಿನ

ಮಸಾಲೆ ಪುಡಿ ಕಂಪನಿಯ ಮಾಲೀಕರು ಕೋಣೆಯ ಬಾಗಿಲು ಹಾಕಿದರು.

"ನಾವು ಹೊಸ ಪುಡಿ ಬಿಡೋ ಹಿಂದಿನ ದಿನವೇ ಪಕ್ಕದ ರಸ್ತೆ ಕಂಪನಿಯವರು ತಮ್ಮದನ್ನ ಬಿಡ್ತಾರೆ. ಪ್ರತಿ ಸಲವೂ ಇದೇ ಕತೆ. ನಮ್ಮ ದಿನ ಗೊತ್ತಿರೋದು ನಮ್ಮಿಬ್ಬರಿಗೆ ಮಾತ್ರ."

ಮ್ಯಾನೇಜರ್ ಸುಮತೀಂದ್ರನ ಮುಖ ಬಿಳಿಚಿಕೊಂಡಿತು. "ಸರ್, ಮಕ್ಕಳಾಣೆಗೂ ನಾನು ಮನೆಯಲ್ಲೂ ಬಾಯಿಬಿಟ್ಟಿಲ್ಲ."

"ಹಾಗಾದ್ರೆ ನಾನೇ ಹೋಗಿ ಹೇಳಿದ್ನಾ?"

ಸುಮತೀಂದ್ರ ಆಫೀಸಿನ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಸಂಜೆ ಮಾಲೀಕರು ಎಂದಿನಂತೆ ಮುಹೂರ್ತ ಕೇಳಲು ಜೋಯಿಸರ ಮನೆಗೆ ಹೋದರು.

"ರಸಂ ಪುಡಿ ಬಿಡ್ತಿದೀವಿ. ಈ ಸಲ ನಾವೇ ಮೊದಲಾಗ್ಬೇಕು. ಬುಧವಾರ ಹೇಗಿದೆ?"

ಜೋಯಿಸರು ಪಂಚಾಂಗದಿಂದ ತಲೆಯೆತ್ತಲಿಲ್ಲ.

"ಬುಧವಾರ ಬಹಳ ಚೆನ್ನಾಗಿದೆ, ಅದನ್ನ ಬೆಳಿಗ್ಗೆಯೇ ಪಕ್ಕದ ರಸ್ತೆಯವರಿಗೆ ಕೊಟ್ಟಾಯ್ತು. ನಿಮಗೆ ಯಾವಾಗ್ಲಿನ ಹಾಗೆ ಮಾರನೇ ದಿನ."